ಆರದ ಗಾಜಿನ ಒಲೆ

ಆ ಬೀದಿಯವರಿಗೆಲ್ಲ ಅವಳು ಸ್ಪ್ಯಾನರ್ ಅಕ್ಕ. ಕರೆಂಟಿನ ಗಾಜಿನ ಒಲೆ ರಿಪೇರಿಯಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ, ಬಾಯಲ್ಲಂತೂ ಕೇಳಲೇಬೇಡಿ. ತಂತಿ ಬ್ರಷ್ ಹಾಕಿ ಗಾಜು ಉಜ್ಜಿದ ಗಿರಾಕಿಯೊಬ್ಬನಿಗೆ ಅವನ ಅತ್ತೆಯ ಎದುರೇ ಬೆವರಿಳಿಸಿದವಳು. ತಾಯಿ ಇಲ್ಲದ ತಂಗಿಯನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದ್ದಳು. ತನ್ನ ಅಂಗಡಿಯಲ್ಲೇ ಕೆಲಸ ಕಲಿತವನಿಗೆ ತಾನೇ ಮುಂದೆ ನಿಂತು ಮದುವೆ ಮಾಡಿಕೊಟ್ಟಿದ್ದಳು.

ಒಂದು ಮಧ್ಯಾಹ್ನ ತಂಗಿಯ ಫೋನ್ ಬಂತು. "ಅಕ್ಕ, ಒಲೆ ವಿಪರೀತ ಕಾಯ್ತಿದೆ. ಬಂದು ನೋಡ್ತೀಯಾ?"

ಗಂಡನೇ ರಿಪೇರಿಯವನಾಗಿರುವಾಗ ತನ್ನನ್ನೇಕೆ ಕರೆದಳು ಎಂದು ಅಕ್ಕ ಯೋಚಿಸಲಿಲ್ಲ. ಹೋದಾಗ ತಂಗಿಯ ಬಲ ಅಂಗೈಗೆ ಬಟ್ಟೆ ಸುತ್ತಿತ್ತು.

"ಏನಾಯ್ತೇ?"

"ಹಾಲು ಉಕ್ಕಿತು."

"ಕಣ್ಣು ನೆತ್ತಿ ಮೇಲಿತ್ತಾ?" ಎಂದು ಗದರಿ ಅಕ್ಕ ಒಲೆ ಹಚ್ಚಿದಳು. ನೆಟ್ಟಗಿರುವ ಒಲೆಯಾದರೆ ಕೆಂಪಾಗಿ, ಸ್ವಲ್ಪ ಹೊತ್ತಿಗೆ ತಾನೇ ಕಪ್ಪಾಗಿ, ಮತ್ತೆ ಕೆಂಪಾಗಬೇಕು. ಇದು ಕೆಂಪಾದದ್ದು ಕೆಂಪಗೇ ಉಳಿಯಿತು. ಬಾಣಲೆಯ ತಳ ಡೊಂಕಾಗಿದೆಯೋ ನೋಡಿದಳು, ಇಲ್ಲ. ಕೆಳಗಿನ ಫ್ಯಾನಿಗೆ ಡ್ರಾಯರಿನ ಸಾಮಾನು ಅಡ್ಡ ಬಂದಿದೆಯೋ ನೋಡಿದಳು, ಅದೂ ಇಲ್ಲ. ಮೇನ್ ಸ್ವಿಚ್ ಆರಿಸಿ, ತಣಿಯಲು ಬಿಟ್ಟು, ಆಮೇಲೆ ಗಾಜು ಎತ್ತಿದಳು.

ಕಾಯಿಲ್ ಮೇಲೆ ಅಡ್ಡಲಾಗಿ ಒಂದು ಸಣ್ಣ ಕಡ್ಡಿ ಇರುತ್ತದೆ. ಗಾಜು ಮಿತಿ ಮೀರಿ ಕಾದರೆ ಕರೆಂಟು ಕಡಿಯುವುದು ಅದೇ. ಅದರ ಎರಡೂ ವೈರು ಕಿತ್ತು ಒಂದಕ್ಕೊಂದು ನೇರ ಜೋಡಿಸಿತ್ತು. ಬಿಗಿಯಾಗಿ ಹುರಿ ಮಾಡಿ, ತುದಿಯನ್ನು ಹಿಂದಕ್ಕೆ ಮಡಚಿದ ಜೋಡಣೆ. ಅದು ಅಕ್ಕನದೇ ಕೈಚಳಕ, ಅವಳು ಅದನ್ನು ಕಲಿಸಿದ್ದು ತಂಗಿಯ ಗಂಡನಿಗೆ ಮಾತ್ರ. ಅಂಗಡಿಯಲ್ಲಿ ಕಡ್ಡಿ ಕೆಟ್ಟಿದೆಯೋ ತಿಳಿಯಲು ನಿಮಿಷದ ಮಟ್ಟಿಗೆ ಹಾಗೆ ಜೋಡಿಸಿ, ಕೈ ತೆಗೆಯುವ ಮುಂಚೆ ಬಿಚ್ಚಿಬಿಡಬೇಕು. ಮನೆ ಒಲೆಯಲ್ಲಿ ಹಾಗೆ ಬಿಡುವವನು ಮನುಷ್ಯನೇ ಅಲ್ಲ.

"ಅವನು ಯಾಕೆ ಹೀಗೆ ಮಾಡಿದಾನೆ?"

ತಂಗಿ ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದಳು. "ಮೊದಲು ಅದಾಗೇ ಆರ್ತಿತ್ತಲ್ಲ ಅಕ್ಕ. ಆರೋವರೆಗೂ ಹಲ್ಲು ಕಚ್ಕೊಂಡಿರ್ತಿದ್ದೆ. ಈಗ ಆರೋದೇ ಇಲ್ಲ."

ಅರ್ಥವಾಗಲು ಅಕ್ಕನಿಗೆ ಒಂದು ಗಳಿಗೆ ಬೇಕಾಯಿತು. ತಂಗಿಯ ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಅಂಗೈ ತುಂಬ ಬೊಬ್ಬೆ ಒಡೆದು ಹಸಿ ಮಾಂಸ ಕಾಣುತ್ತಿತ್ತು. ಅದು ಹಾಲು ಉಕ್ಕಿ ಆದ ಗಾಯವಲ್ಲ, ಕಾದ ಗಾಜಿಗೆ ಒತ್ತಿ ಹಿಡಿದದ್ದು. ಇವಳನ್ನು ಇವತ್ತು ಇಲ್ಲಿ ಬಿಟ್ಟು ಹೋದರೆ ಇವಳು ಉಳಿಯುವುದಿಲ್ಲ, ಹೇಗಾದರೂ ಕರೆದುಕೊಂಡೇ ಹೋಗಬೇಕು ಎಂದು ನಿಶ್ಚಯಿಸಿದಳು. ಆದರೂ ಕೈಗೆ ಬಂದ ಕೆಲಸ ಅರ್ಧಕ್ಕೆ ಬಿಟ್ಟು ಗೊತ್ತಿಲ್ಲ. ವೈರನ್ನು ಕಡ್ಡಿಗೆ ಸೇರಿಸಿ, ಗಾಜು ಕೂರಿಸಿ, ಪರೀಕ್ಷೆಗೆಂದು ಒಲೆ ಹಚ್ಚಿದಳು.

ಅಷ್ಟರಲ್ಲಿ ಅವನು ಬಂದ. "ಏನಕ್ಕ, ರಿಪೇರಿನಾ?"

ಅಕ್ಕ ಬಾಣಲೆ ಎತ್ತಿ ಅವನ ಕಿವಿಗೆ ಬೀಸಿದಳು. ಫ್ರಿಜ್ಜಿಗೆ ಬಡಿದು ಬಿದ್ದವನು ಬಿದ್ದಲ್ಲಿಂದಲೇ ಅವಳ ಮಂಡಿಗೆ ಒದ್ದ. ಅವಳ ತುಟಿ ಕಟ್ಟೆಯ ಅಂಚಿಗೆ ತಾಗಿ ಸೀಳಿತು. ರಕ್ತ ಉಗುಳಿ ಎದ್ದು, ಅವನ ಕೂದಲು ಹಿಡಿದು ಎಳೆದಳು. ಎಡತೋಳು ಬೆನ್ನಿಗೆ ತಿರುಚಿ ಬಲಗೈಯನ್ನು ಕೆಂಪು ಗಾಜಿನ ಕಡೆ ನೂಕಿದಳು.

"ಇದು ನೀನೇ ಕಲಿಸಿದ್ದು," ಅವನು ಬಿಕ್ಕಿದ. "ತಪ್ಪು ಮಾಡಿದಾಗೆಲ್ಲ ನನ್ನ ಬೆರಳು ಬಿಸಿ ಗಾಜಿಗೆ ಒತ್ತುತ್ತಿದ್ದೆಯಲ್ಲ, ಬುದ್ಧಿ ಬರಲಿ ಅಂತ. ಬುದ್ಧಿ ಬಂತು ಅಂತ ಊರಿಗೆಲ್ಲ ಹೇಳ್ತಿದ್ದೆ."

ನಿಜವೇ. ಅವಳ ಗುರುವೂ ಅವಳಿಗೆ ಹಾಗೇ ಮಾಡಿದ್ದ. ಆದರೂ ಅಕ್ಕ ಒತ್ತಿದಳು. ಚರ್ಮ ಚುರ್ರೆಂದಿತು, ಸುಟ್ಟ ವಾಸನೆ ಅಡುಗೆಮನೆ ತುಂಬಿತು, ಅವನು ಕಿರುಚಿದ. "ಬರಲಿ ಬುದ್ಧಿ," ಎಂದಳು. ಕಡ್ಡಿ ತನ್ನ ಕೆಲಸ ಮಾಡಿ ಒಲೆ ಕಪ್ಪಾಯಿತು. ಅಕ್ಕ ಕೈ ಬಿಡಲಿಲ್ಲ, ಮತ್ತೆ ಕೆಂಪಾಗಲೆಂದು ಕಾದಳು.

"ಬಟ್ಟೆ ತುಂಬ್ಕೊ, ನಮ್ಮನೇಗೆ ಹೋಗೋಣ," ಎನ್ನುತ್ತಾ ತಿರುಗಿದಳು.

ತಂಗಿ ಗೋಡೆಗೆ ಅಂಟಿಕೊಂಡು, ಸುಟ್ಟ ಕೈಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದಳು. ಅವಳು ಹೆದರಿದ್ದು ಅಕ್ಕನಿಗೆ.

ತಂಗಿ ಗೋಡೆ ಹಿಡಿದೇ ಬಾಗಿಲಿನವರೆಗೆ ಹೋಗಿ ಚಪ್ಪಲಿ ಮೆಟ್ಟಿದಳು. "ಹೋಗ್ತೀನಿ ಅಕ್ಕ. ನಿಮ್ಮನೇಗಲ್ಲ."

"ಮತ್ತೆಲ್ಲಿಗೆ?"

"ಅದು ನಿಂಗೂ ಬೇಡ, ಅವನಿಗೂ ಬೇಡ."

ಅವಳು ಮೆಟ್ಟಿಲಿಳಿದು ಹೋದಳು. ಅಕ್ಕ ಇನ್ನೂ ಅವನ ಮಣಿಕಟ್ಟು ಹಿಡಿದೇ ನಿಂತಿದ್ದಳು.