ಹನ್ನೆರಡು ಅಡಿಯ ದಾರಿ ಆರು ಅಡಿಯಾದದ್ದು

ಐವರ್ನಾಡಿನಲ್ಲಿ ಅಕ್ಕನ ಮನೆಗೆ ಡಾಮರು ರಸ್ತೆಯಿಂದ ಇದ್ದದ್ದು ಬರೀ ಕಾಲುದಾರಿ. ಒಂದು ಮಳೆಗಾಲದಲ್ಲಿ ಹೊಟ್ಟೆನೋವು ಬಂದ ಅಕ್ಕನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ವರು ಆ ದಾರಿಯಲ್ಲಿ ಹೊತ್ತುಕೊಂಡು ಹೋದರು. ನಾನು ಹಿಂದಿನಿಂದ ಕೊಡೆ ಹಿಡಿದೆ. ಪುತ್ತೂರಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತನಾದವನಿಗೆ ಅಲ್ಲಿ ಉಳಿದಿದ್ದ ಗೌರವದ ಹುದ್ದೆ ಅದೊಂದೇ.

ಅಕ್ಕ ಆಸ್ಪತ್ರೆಯಿಂದ ಬಂದ ವಾರವೇ, ಮನೆಗೂ ರಸ್ತೆಗೂ ನಡುವಿನ ಜಾಗದ ಯಜಮಾನರು, ಜಾಲ್ಸೂರಿನಲ್ಲಿ ಬಟ್ಟೆಯಂಗಡಿ ಇಟ್ಟಿರುವ ಬ್ಯಾರಿ ಹಿರಿಯರು, ತಾವಾಗಿಯೇ ಬಂದು ಹನ್ನೆರಡು ಅಡಿ ಅಗಲದ ದಾರಿಗೆ ಜಾಗ ಕೊಡುತ್ತೇನೆಂದರು. ನ್ಯಾಯವಾದ ಕ್ರಯ ಹೇಳಿದರು. ಎರಡು ವರ್ಷ ಸಮಯ ಕೊಟ್ಟರು. ಆಮೇಲೆ ಆಸ್ತಿ ಮಕ್ಕಳಿಗೆ ಪಾಲಾಗುತ್ತದೆ, ಆಗ ತನ್ನ ಮಾತು ನಡೆಯದು ಎಂಬುದನ್ನೂ ಮುಚ್ಚಿಡಲಿಲ್ಲ.

ಭಾವನ ಕೈಯಲ್ಲಿ ಆ ಮೊತ್ತದ ಮುಕ್ಕಾಲು ಪಾಲು ಇತ್ತು. ಅದನ್ನು ಸಣ್ಣ ಕಂಪನಿಗಳ ಷೇರು ಕೊಳ್ಳುವ ಮ್ಯೂಚುವಲ್ ಫಂಡಿನಲ್ಲಿ ಹಾಕಿ ಬೆಳೆಸಬಹುದು ಎಂದವನು ನಾನೇ. ಈ ಒಂದು ಅಪರಾಧವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಮುಂದೆ ನಿರಾತಂಕವಾಗಿ ಸಿಟ್ಟು ಮಾಡಬಹುದು.

ನಾನೇನೂ ಬರಿಬಾಯಲ್ಲಿ ಹೇಳಿದ್ದಲ್ಲ. ಹಳೆ ಕ್ಯಾಲೆಂಡರಿನ ಬೆನ್ನಿಗೆ ದಪ್ಪ ಅಕ್ಷರದಲ್ಲಿ ಶಾಸನ ಬರೆದೆ. ತಿಂಗಳ ಕೊನೆಯ ದಿನ ಮಾತ್ರ ಫಂಡಿನ ಕ್ರಯ ನೋಡತಕ್ಕದ್ದು. ಹಿಂದಿನ ಹತ್ತು ತಿಂಗಳ ಸರಾಸರಿಗಿಂತ ಅದು ಮೇಲಿದ್ದರೆ ದುಡ್ಡು ಅಲ್ಲೇ ಇರತಕ್ಕದ್ದು, ಕೆಳಗಿದ್ದರೆ ಅಂದೇ ಪೂರ್ತಿ ಮಾರಿ ಬ್ಯಾಂಕಿಗೆ ತರತಕ್ಕದ್ದು, ಮತ್ತೆ ಮೇಲೇರಿದ ತಿಂಗಳು ವಾಪಸು ಹಾಕತಕ್ಕದ್ದು. ಮನಸ್ಸಿಗೆ ಏನು ತೋರುತ್ತದೆ ಎಂಬುದಕ್ಕೆ ಇದರಲ್ಲಿ ಜಾಗವಿಲ್ಲ. ಭಾವ ಸಹಿ ಹಾಕಿದರು, ನಾನು ಹಾಕಿದೆ, ಸಾಕ್ಷಿಯಾಗಿ ಅಕ್ಕ ಹಾಕಿದಳು. ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿದ್ದಾಯಿತು. ನಾನೂ ನನ್ನ ಸ್ವಲ್ಪ ದುಡ್ಡನ್ನು ಅದೇ ಫಂಡಿನಲ್ಲಿ, ಅದೇ ಶಾಸನಕ್ಕೆ ಒಳಪಡಿಸಿ ಹಾಕಿದೆ.

ಒಂದು ವರ್ಷ ಕ್ರಯ ಏರುತ್ತಲೇ ಇತ್ತು. ಆ ವರ್ಷ ಭಾವನಷ್ಟು ನಿಯಮನಿಷ್ಠರು ಮೂರು ತಾಲೂಕಿನಲ್ಲಿ ಇರಲಿಲ್ಲ.

ಆಮೇಲೆ ಒಂದು ತಿಂಗಳ ಕೊನೆಗೆ ಕ್ರಯ ಸರಾಸರಿಗಿಂತ ಕೆಳಗಿಳಿಯಿತು. ನಾನು ನನ್ನದನ್ನು ಮಾರಿ ಭಾವನಿಗೆ ಫೋನು ಮಾಡಿದೆ.

"ಕ್ರಯ ಬಿದ್ದಾಗ ಯಾರಾದ್ರೂ ಕೊಡ್ತಾರಾ ಮಾರಾಯ?" ಎಂದರು ಭಾವ. "ಇರ್ಲಿ ಅಲ್ಲೇ. ಹಳತಾದ ಹಾಗೆ ಒಳ್ಳೆ ಕ್ರಯ ಬರುದು."

"ಭಾವ, ಅದು ಅಡಿಕೆ ಅಲ್ಲ."

"ಯೂನಿಟ್ ಎಷ್ಟಿತ್ತೋ ಅಷ್ಟೇ ಉಂಟಲ್ಲ? ತೂಕ ಏನೂ ಕಡಿಮೆ ಆಗ್ಲಿಲ್ಲಲ್ಲ?"

ಒಣಗಿಸಿದ ಅಡಿಕೆಯನ್ನು ಗೋಣಿಯಲ್ಲಿ ಕಟ್ಟಿ ಅಟ್ಟಕ್ಕೇರಿಸಿ, ಕ್ರಯ ಬರುವವರೆಗೆ ಎರಡು ವರ್ಷವಾದರೂ ಕಾಯುವುದು ನಮ್ಮವರ ಪದ್ಧತಿ. ಹೊಸ ಅಡಿಕೆಗಿಂತ ಹಳೆ ಅಡಿಕೆಗೆ ಮಾರುಕಟ್ಟೆಯಲ್ಲಿ ಹೆಚ್ಚು ಸಿಗುವುದೂ ನಿಜ. ಹೀಗೆ ಕಾದು ಭಾವ ಒಮ್ಮೆಯೂ ಕೆಟ್ಟವರಲ್ಲ. ನಲವತ್ತು ವರ್ಷ ಸರಿಯಾಗಿದ್ದ ಮನುಷ್ಯನಿಗೆ ತಪ್ಪು ತೋರಿಸುವ ವಿದ್ಯೆಯನ್ನು ಯಾವ ಟ್ರೈನಿಂಗ್ ಕಾಲೇಜೂ ನನಗೆ ಕಲಿಸಿರಲಿಲ್ಲ.

ಮುಂದಿನ ತಿಂಗಳು ನನ್ನ ಗ್ರಹಚಾರಕ್ಕೆ ಕ್ರಯ ಮತ್ತೆ ಏರಿತು. ನಿಯಮದಂತೆ ನಾನು ಮಾರಿದ್ದಕ್ಕಿಂತ ಹೆಚ್ಚು ಕೊಟ್ಟು ವಾಪಸು ಕೊಂಡೆ. ಇಂಥ ಸಣ್ಣ ದಂಡ ಈ ಪದ್ಧತಿಯಲ್ಲಿ ಆಗಾಗ ತೆರಬೇಕಾದದ್ದೇ, ದೊಡ್ಡ ದಂಡ ತಪ್ಪಲೆಂದು. ಆದರೆ ಕಡಬದ ಒಂದು ಮದುವೆಯಲ್ಲಿ ಭಾವ ಊಟದ ಪಂಕ್ತಿಯಲ್ಲಿ ಕೂತು ಇದನ್ನೇ ವರ್ಣಿಸಿದರು. ಅಗ್ಗಕ್ಕೆ ಮಾರಿ ದುಬಾರಿಗೆ ಕೊಳ್ಳುವ ಮಾಷ್ಟ್ರ ಗಣಿತ ಪಾಯಸದವರೆಗೂ ಬಡಿಸಲ್ಪಟ್ಟಿತು. ನಾನು ಹಪ್ಪಳ ಮುರಿಯುತ್ತ ಕೂತೆ.

ಎರಡು ತಿಂಗಳು ಕಳೆದು ಕ್ರಯ ನಿಜವಾಗಿಯೇ ಕುಸಿಯತೊಡಗಿತು. ತಿಂಗಳ ಕೊನೆಗೆ ನಾನು ಹೊರಬಂದೆ. ನನ್ನದು ಹಾಕಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಉಳಿಯಿತು. ಭಾವ ಮಾರಲಿಲ್ಲ. ಮತ್ತೊಂದು ತಿಂಗಳು ಬಿತ್ತು, ಮಾರಲಿಲ್ಲ. ದಾರಿಯ ದುಡ್ಡಿನ ಮೂರನೇ ಒಂದು ಪಾಲು ಕರಗಿತು. ಆಗ ನಾನು ಬಸ್ಸು ಹತ್ತಿ ಐವರ್ನಾಡಿಗೆ ಹೋದೆ.

ಭಾವ ಅಂಗಳದಲ್ಲಿ ಅಡಿಕೆಗೆ ಬಿಡುವ ಮದ್ದು ತಯಾರಿಸುತ್ತಿದ್ದರು. ನನ್ನ ಸಿಟ್ಟು ನೆತ್ತಿಗೇರಿದ್ದು ಅದನ್ನು ನೋಡಿಯೇ. ಕೊಳೆರೋಗ ಬಂದಿರಲಿಲ್ಲ. ಬರುತ್ತದೆಂದು ಯಾರೂ ಹೇಳಿರಲಿಲ್ಲ. ಆದರೂ ಮಳೆಗೆ ಮುಂಚೆ ಒಂದು ಸಲ, ಮಳೆಯ ನಡುವೆ ಇನ್ನೊಂದು ಸಲ ಮದ್ದು ಬಿಡುವುದನ್ನು ಈ ಮಹಾನುಭಾವರು ಒಂದು ವರ್ಷವೂ ತಪ್ಪಿಸಿದವರಲ್ಲ. ರೋಗ ಬಾರದ ವರ್ಷ ಮದ್ದು ದಂಡವಾಯಿತೆಂದು ಅತ್ತವರೂ ಅಲ್ಲ. ನನ್ನ ಶಾಸನ ಇದಕ್ಕಿಂತ ಬೇರೆ ಏನು ಹೇಳಿತ್ತು? ಇಷ್ಟನ್ನೂ ನಾನು ನಿಂತಲ್ಲೇ ಕೇಳಿದೆ.

ಭಾವ ಕೋಲಿನಲ್ಲಿ ಮದ್ದು ಕಲಕುತ್ತಲೇ ಇದ್ದರು. "ಮದ್ದು ಬಿಡುದು ಬೇರೆ, ಇದು ಬೇರೆ," ಎಂದರು.

ಅವಧಿ ಮುಗಿಯುವ ತಿಂಗಳು ಹಿರಿಯರು ಬಂದರು. ಉಳಿದದ್ದನ್ನಾದರೂ ಮಾರಿ, ಅಟ್ಟದ ಹಳೆ ಅಡಿಕೆಯನ್ನೂ ಕೊಟ್ಟರೆ ಹನ್ನೆರಡು ಅಡಿಗೆ ಸಾಕಾಗುತ್ತದೆಂದು ನಾನು ಲೆಕ್ಕ ತೋರಿಸಿದೆ. ಬಿದ್ದ ಕ್ರಯಕ್ಕೆ ಕೊಡುವ ಮಾತೇ ಇಲ್ಲ ಎಂದರು ಭಾವ. ಹಾಗಾದರೆ ನನ್ನದನ್ನು ತೆಗೆದುಕೊಳ್ಳಿ ಎಂದೆ. ಅದಂತೂ ಮಹಾ ಅವಮಾನವಾಯಿತು.

"ಹೆಂಡ್ತಿಯ ತಮ್ಮನ ದುಡ್ಡಿನ ದಾರಿಯಲ್ಲಿ ನಾನು ನಡೆಯುದಾ?"

ಈ ನಿಯಮವನ್ನು ಯಾರೂ ಕ್ಯಾಲೆಂಡರಿನ ಹಿಂದೆ ಬರೆದಿರಲಿಲ್ಲ, ಯಾರೂ ಸಹಿ ಹಾಕಿರಲಿಲ್ಲ. ಇದನ್ನು ಮಾತ್ರ ಅವರು ಅಕ್ಷರಶಃ ಪಾಲಿಸಿದರು.

ಕೊನೆಗೆ ಅಡಿಕೆಯೊಂದೇ ಅಟ್ಟದಿಂದ ಇಳಿಯಿತು. ಅದರಿಂದ ಬಂದದ್ದು ಆರು ಅಡಿಗೆ ಸಾಕಾಯಿತು. ಹಿರಿಯರು ಬೇಸರದಲ್ಲೇ ಅಳೆದು ಕೊಟ್ಟು ಹೋದರು. ಮುಂದಿನ ತಿಂಗಳು ಜಾಗ ಪಾಲಾಗಿ ಮಕ್ಕಳು ದಾರಿಯ ಎರಡೂ ಬದಿಗೆ ಕಲ್ಲಿನ ಪಾಗಾರದ ಗೋಡೆ ಕಟ್ಟಿದರು. ಭಾವ ಇಂದಿಗೂ ಗೆದ್ದವರ ಮುಖದಲ್ಲೇ ಇದ್ದಾರೆ. ಇಟ್ಟ ಅಡಿಕೆ ಕೈಹಿಡಿಯಿತು, ಫಂಡು ಇನ್ನೂ ಹಾಗೇ ಉಂಟು, ಎಂತ ನಷ್ಟ ಎನ್ನುತ್ತಾರೆ.

ಮೊನ್ನೆ ಹೋದಾಗ ರಿಕ್ಷಾ ಅಂಗಳದವರೆಗೆ ಬಂತು. ಅಕ್ಕ ಚಾ ಕೊಟ್ಟಳು. ನಾನು ಪಾಗಾರವನ್ನೇ ನೋಡುತ್ತಿದ್ದುದು ಅವಳಿಗೆ ಗೊತ್ತಾಯಿತು.

"ರಿಕ್ಷಾ ಬರ್ತದೆ, ಆಂಬುಲೆನ್ಸ್ ಬರುದಿಲ್ಲ," ಎಂದಳು. "ರಿಕ್ಷಾದಲ್ಲಿ ಕೂರ್ಲಿಕ್ಕೆ ಆಗದಷ್ಟು ಕಾಯಿಲೆ ನಂಗೆ ಬರಬಾರ್ದು ಅಂತ ಒಂದು ನಿಯಮ ಬರೆದುಕೊಡು. ನಾನು ಸಹಿ ಹಾಕ್ತೇನೆ."

ಆ ಪ್ಲಾಸ್ಟಿಕ್ ಕುರ್ಚಿ ಚಾವಡಿಯ ಮೂಲೆಯಲ್ಲಿತ್ತು. ಅದನ್ನು ಬಿಸಾಡಲು ಅವಳು ಬಿಟ್ಟಿಲ್ಲ.