ಗುಲಾಬಿ ನಡುನರ

ನರ್ಸರಿಯ ಕೆಲಸಗಾರರೆಲ್ಲ ಅವಳನ್ನು ಕತ್ತರಿಯಮ್ಮ ಎಂದೇ ಕರೆಯುತ್ತಿದ್ದರು. ಗಿಡ ಸವರುವ ಕತ್ತರಿ ಸೊಂಟದಲ್ಲಿ, ಅದಕ್ಕಿಂತ ಹರಿತವಾದದ್ದು ಬಾಯಲ್ಲಿ. ಅಪ್ಪ ಕಟ್ಟಿದ ನರ್ಸರಿ ಅಣ್ಣನ ಕೈಗೆ ಬಂದಿತ್ತು. ಅಣ್ಣ ಮುಂದಿನ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತ. ಇವಳು ಹಿಂದೆ ಮಣ್ಣು ಕಲಸುತ್ತಲೇ ನಲವತ್ತು ದಾಟಿದಳು.

ಬೇಲಿಯ ಮಾಮೂಲಿ ಹಸಿರು ಕ್ರೋಟನ್ನಿನಲ್ಲಿ ಒಂದೇ ಒಂದು ಕೊಂಬೆ ಬಣ್ಣ ತಿರುಗಿದ್ದನ್ನು ಮೊದಲು ಕಂಡವಳು ಅವಳು. ಸುರುಳಿ ಎಲೆ, ಕೆಂಡದಂಥ ಕೆಂಪು, ಅಂಚಿಗೆ ಹಳದಿ. ತೊಗಟೆ ಕೆರೆದು, ಒದ್ದೆ ಪಾಚಿ ಸುತ್ತಿ ಗೂಟಿ ಕಟ್ಟಿದಳು. ಬೇರು ಬಿಟ್ಟ ಮೇಲೆ ಕತ್ತರಿಸಿ ಕುಂಡಕ್ಕಿಳಿಸಿ ಏಳು ವರ್ಷ ಸಾಕಿದಳು. ಅದರ ಹಾಲು ತಾಗಿ ಅವಳ ಬಟ್ಟೆಗಳಲ್ಲೆಲ್ಲ ಕಂದು ಕಲೆ.

ಪ್ರದರ್ಶನದಲ್ಲಿ ಆ ಗಿಡಕ್ಕೆ ಕಪ್ ಬಂತು. ಅಣ್ಣ ವೇದಿಕೆ ಹತ್ತಿ, “ಇದು ನನ್ನ ಏಳು ವರ್ಷದ ತಪಸ್ಸು” ಎಂದ.

ಸಂಜೆ ಅವಳು ಕೇಳಿದಳು, “ಅಣ್ಣಾ, ನನ್ನ ಹೆಸರು ಒಂದ್ಸಲ ಹೇಳ್ಬಾರ್ದಿತ್ತಾ?”

“ನೀರು ಹಾಕೋರನ್ನೆಲ್ಲ ವೇದಿಕೆ ಹತ್ತಿಸೋಕಾಗುತ್ತೇನೆ?” ಎಂದು ಅಣ್ಣ ನಕ್ಕ.

ಅವಳೂ ನಕ್ಕಳು. ರಾತ್ರಿ ಬಡಿಸಿಕೊಂಡ ಅನ್ನವನ್ನು ಮಾತ್ರ ಹಾಗೇ ಮುಚ್ಚಿಟ್ಟಳು.

ಹೊಸ ತಳಿ ಎಂದು ನೋಂದಾಯಿಸಲು ಒಂದೇ ಗುಣದ ಹನ್ನೆರಡು ಮರಿಗಿಡ ತೋರಿಸಬೇಕೆಂದು ತೋಟಗಾರರ ಸಂಘ ಹೇಳಿತು. ಅಣ್ಣ ಅಪರೂಪಕ್ಕೆ ಹಿಂದಕ್ಕೆ ಬಂದ. “ಯಾವ ಚಿಗುರಿಗೆ ಗೂಟಿ ಕಟ್ಟೋಣವೇ?”

ಬುಡದ ಚಿಗುರುಗಳು ಬೇಲಿಯ ಹಸಿರಿಗೇ ಮರಳುತ್ತವೆಂದು ಅವಳಿಗೆ ಗೊತ್ತಿತ್ತು. ಎಳೆಯದರಲ್ಲಿ ಎಲ್ಲ ಎಲೆಯೂ ಹಸಿರೇ. ಆದರೆ ಬಣ್ಣ ಬರುವ ಎಲೆಗೆ ನಡುನರ ಗುಲಾಬಿ, ಬಾರದ್ದಕ್ಕೆ ಹಸಿರು. ಆಫೀಸಿನಲ್ಲಿ ಕೂತವನಿಗೆ ಅದೆಲ್ಲಿ ಕಾಣಬೇಕು?

“ಬುಡದಲ್ಲಿ ದಪ್ಪಗೆ ಬಂದಿದಾವಲ್ಲ, ಅವಕ್ಕೇ ಕಟ್ಟೋಣ. ಬೇಗ ಬೇರು ಬಿಡ್ತವೆ” ಎಂದಳು. ಹನ್ನೆರಡನ್ನೂ ತಾನೇ ಕಟ್ಟಿದಳು. ನಡುನರ ಗುಲಾಬಿಯಿದ್ದ ತುದಿಯ ಕೊಂಬೆಗಳ ಗೂಟಿಗಳು ಸದ್ದಿಲ್ಲದೆ ಅವಳ ಬಾಡಿಗೆ ಮನೆಯ ತಾರಸಿ ಸೇರಿದವು.

“ಬಣ್ಣ ಯಾವಾಗ ಬರುತ್ತೇ?” ಎಂದು ಅಣ್ಣ ವಾರವಾರ ಕೇಳುವನು. “ಎಳೆ ಎಲೆ ಅಲ್ವಾ, ಬಿಸಿಲು ಬೀಳಲಿ” ಎನ್ನುವಳು. ಅವನ ಹಣೆಯ ಗೆರೆ ಆಳವಾದಷ್ಟೂ ಅವಳಿಗೆ ಹಾಯೆನಿಸುತ್ತಿತ್ತು.

ಪರೀಕ್ಷೆಯ ದಿನ ಸಂಘದ ಹಿರಿಯ ಹೆಂಗಸೊಬ್ಬರು ಕುಂಡದಿಂದ ಕುಂಡಕ್ಕೆ ಎಲೆ ಮಗುಚುತ್ತ ಬಂದರು. “ಇದು ಬೇಲಿ ಕ್ರೋಟನ್ ಅಲ್ವೇನ್ರೀ? ಏಳು ವರ್ಷ ಸಾಕಿದೋರಿಗೆ ಬುಡದ ಚಿಗುರು ಯಾವುದು ಅಂತ ಗೊತ್ತಾಗ್ಲಿಲ್ವಾ?”

ನೆರೆದ ತೋಟಗಾರರು ಕಿಸಕ್ಕೆಂದರು. ಅಣ್ಣ ಬೆವರುತ್ತ ತಂಗಿಯತ್ತ ತಿರುಗಿದ. “ಹೇಳೇ, ನಿನಗೆ ಗೊತ್ತಲ್ಲ!”

“ನಂಗೇನು ಗೊತ್ತಣ್ಣ? ನಾನು ನೀರು ಹಾಕೋಳು.”

ಮರುವರ್ಷ ತಾರಸಿಯ ಗಿಡಗಳನ್ನು ಆಟೋದಲ್ಲಿ ಹೇರಿಕೊಂಡು ಸಂಘಕ್ಕೆ ಹೋಗಿ, ಗುಲಾಬಿ ನಡುನರ ತೋರಿಸಿ, ತಳಿಯನ್ನು ತನ್ನ ಹೆಸರಿಗೇ ಬರೆಸಿದಳು. ಅಷ್ಟರಲ್ಲಿ ಅವಳು ನರ್ಸರಿ ಬಿಟ್ಟಾಗಿತ್ತು; ಅಣ್ಣ ಅವಳೊಡನೆ ಮಾತು ಬಿಟ್ಟಿದ್ದ.

ಅತ್ತಿಗೆ ಅಳುತ್ತ ಬಂದಳು. “ಒಡಹುಟ್ಟಿದವನ ಮಾನ ಕಳೆದು ಏನು ಸಿಕ್ತು ನಿಂಗೆ?”

“ವರ್ಷದಿಂದ ಊಟ ಸೇರ್ತಿರ್ಲಿಲ್ಲ ಅತ್ತಿಗೆ. ಆ ಪರೀಕ್ಷೆ ದಿನ ಎರಡು ಸಲ ಬಡಿಸ್ಕೊಂಡು ತಿಂದೆ” ಎಂದಳು ಕತ್ತರಿಯಮ್ಮ. “ಕೂತ್ಕೋ, ನಿಂಗೂ ಬಡಿಸ್ತೀನಿ.”