ತಲೆ ತುಂಬಿದ್ದಕ್ಕೆ ಹೊತ್ತ ಹರಕೆ

ಕಾರ್ತಿಕ ಸೋಮವಾರ, ಬೆಳಿಗ್ಗೆ ಎಂಟು ಗಂಟೆ, ಜಾವಗಲ್ ಕಡೆಯ ನಮ್ಮ ಮನೆದೇವರ ಗುಡಿಯ ಅಂಗಳ. ಹಾಜರಿದ್ದವರು ಡ್ರಿಲ್ ಮೇಷ್ಟ್ರಾದ ನಾನು, ನನ್ನ ಅತ್ತಿಗೆ, ಅವರ ಸೊಸೆ, ಒಂಬತ್ತನೇ ತರಗತಿಯ ಮೊಮ್ಮಗಳು, ಮುಡಿ ತೆಗೆಯುವವನು. ಅರಸೀಕೆರೆಯಿಂದ ಮೊದಲ ಬಸ್ಸು ಹಿಡಿದಿದ್ದರಿಂದ ನಮ್ಮದೇ ಮೊದಲ ಸರದಿ; ಹಿಂದೆ ಇನ್ನೂ ಹಲವರು ಕಾದಿದ್ದರು.

ಹಿಂದಿನ ವರ್ಷ ಹುಡುಗಿಯ ತಲೆಯಲ್ಲಿ ಎರಡು ಕಡೆ ನಾಣ್ಯದಗಲ ಕೂದಲು ಉದುರಿತ್ತು. ಹುಳ ತಿಂದಿದೆಯೆಂದು ಅತ್ತಿಗೆ ಬೆಳ್ಳುಳ್ಳಿ ತಿಕ್ಕಿ ಚರ್ಮ ಸುಲಿಸಿದರು. ಶಾಲೆಯಲ್ಲಿ ಅವಳಿಗೆ ಕೊಬ್ಬರಿ ಗಿಟುಕು ಎಂದು ಹೆಸರು ಬಿತ್ತು. ಕೂದಲು ಬಂದು ತಲೆ ತುಂಬಿದರೆ ಮುಡಿ ಕೊಡಿಸುತ್ತೇನೆಂದು ಅತ್ತಿಗೆ ಹರಕೆ ಹೊತ್ತರು. ನಾನು ಚರ್ಮದ ಡಾಕ್ಟರ ಬಳಿ ಕರೆದೊಯ್ದೆ. ಇದು ಹುಳವಲ್ಲ, ಅಂಟುವುದೂ ಇಲ್ಲ, ಬೇರು ಸತ್ತಿಲ್ಲ, ಮೊದಲು ಬಿಳಿ ನವಿರು ಬಂದು ಆಮೇಲೆ ಕಪ್ಪಾಗಬಹುದು ಎಂದರು. ಹಾಗೆಯೇ ಆಯಿತು. ನವಿರು ಕಂಡ ದಿನ ಅವಳು ಕನ್ನಡಿ ಬಿಟ್ಟು ಏಳಲಿಲ್ಲ. ಅದು ಕಪ್ಪಾಗಿ ಜಡೆಗೆ ಸೇರುವಷ್ಟು ಬೆಳೆದ ಕೂಡಲೇ ಅತ್ತಿಗೆ ದಿನ ಗೊತ್ತು ಮಾಡಿದರು. ಮೂರು ಕತ್ತರಿ ಕೂದಲು ಕೊಟ್ಟರೆ ಸಾಲದೆ ಎಂದು ಸೊಸೆ ಕೇಳಿಕೊಂಡಳು. ಹೊತ್ತದ್ದು ಪೂರ್ತಿ ಮುಡಿ ಎಂದರು ಅತ್ತಿಗೆ.

ತಲೆಗೆ ನೀರು ಹಾಕುವಾಗ ಹುಡುಗಿ ಸರದಿಯವರೆಲ್ಲರ ಎದುರು ಜಡೆ ಎತ್ತಿ ಹಿಡಿದಳು. ಹಿಂದಲೆಯಲ್ಲಿ ಹೊಸದೊಂದು ಬೋಳು ಜಾಗ. ಅದನ್ನು ತಾಯಿಗೂ ತೋರಿಸಿರಲಿಲ್ಲ.

"ನೋಡಿ ಅಜ್ಜಿ, ಇನ್ನೂ ತುಂಬಿಲ್ಲ. ಈಗ್ಲೇ ಕೊಡೋ ಹಾಗಿಲ್ಲ."

ಅತ್ತಿಗೆ ಬಗ್ಗಿ ನೋಡಿದರು. "ತಡ ಮಾಡಿದ್ದಕ್ಕೇ ಕಣೇ, ಸ್ವಾಮಿ ಇನ್ನೊಂದ್ ಕಡೆ ಕಿತ್ಕೊಂಡವ್ನೆ. ಕೂತ್ಕೋ."

ಡಾಕ್ಟರನ್ನು ಕೇಳೋಣವೆಂದೆ. ನನ್ನ ಡ್ರಿಲ್ ಮೇಷ್ಟ್ರಗಿರಿಯನ್ನು ಶಾಲೆಯಲ್ಲೇ ಬಿಟ್ಟು ಬರಬೇಕಿತ್ತು ಎಂದರು ಅತ್ತಿಗೆ. ತಾಯಿಯೇ ಮಗಳ ಭುಜ ಒತ್ತಿ ಹಿಡಿದಳು. ಕತ್ತಿ ಹಿಂದಲೆಗೆ ಬಂದಾಗ ಮುಡಿ ತೆಗೆಯುವವನು ಕೈ ನಿಲ್ಲಿಸಿ, "ಇಲ್ಲಿ ನಂಗೇನೂ ಕೆಲ್ಸ ಇಲ್ಲ ಬಿಡವ್ವ" ಎಂದ. ಸರದಿಯವರು ನಕ್ಕರು. ಅತ್ತಿಗೆ ಗುಡಿಯತ್ತ ತಿರುಗಿ ಕೈಮುಗಿದು, ಇದೂ ತುಂಬಿದರೆ ಮತ್ತೊಂದು ಮುಡಿ ಎಂದು ಗಟ್ಟಿಯಾಗಿಯೇ ಬೇಡಿಕೊಂಡರು.

ಸಂಜೆ ಮನೆಯಲ್ಲಿ ನಾನೇ ಗಂಧ ತೇಯ್ದು ಅವಳ ತಲೆಗೆ ಹಚ್ಚಿದೆ. ಉಳಿದೆಡೆ ತರಿತರಿ, ಹಿಂದಲೆಯ ಆ ಬೋಳು ಜಾಗದ ಮೇಲೆ ಬೆರಳು ಜಾರಿತು.

"ತಾತ, ಇಲ್ಲೂ ಬಿಳೀದು ಬರುತ್ತಾ?"

ಬರಬಹುದು ಎಂದೆ.

"ಬಂದ್ರೆ ಅಜ್ಜಿಗೆ ಹೇಳ್ಬೇಡಿ."

ಸಾಣೆಕಲ್ಲು ತೊಳೆದು ಗೋಡೆಗೆ ಒರಗಿಸಿದೆ.